ಮುತ್ತಿಟ್ಟ ಬ್ರೆಡ್ಡು

ಕಂಪ್ಯೂಟರುಗಳ ವೈಟುಕೆ (Y2K) ದೋಷ ತಿದ್ದುವ ಕೆಲಸದ ನಡುವೆ ಕಾಡಿಬೇಡಿ ಪಡೆದ ಹತ್ತು ದಿನದ ರಜೆ, ಎರಡು ವಿಮಾನದ ಟಿಕೆಟ್ಟು, ಬಾಡಿಗೆ ಕಾರು, ಎಲ್ಲ ಮುಗಿದಿತ್ತು. ಟೋನಿಯ ಅಜ್ಜಿ ಹುಟ್ಟಿದ ಸಿಸಿಲಿಯ ಹಳ್ಳಿಯಲ್ಲಿ ಅವಳ ಮನೆಯಾಗಲಿ, ಅವಳನ್ನು ಬಲ್ಲವರಾಗಲಿ ಸಿಕ್ಕಿರಲಿಲ್ಲ.

ಎಡಿಸನ್ ಊರಿನ ತಮ್ಮ ಮನೆಗೆ ಮರಳಿದವನೇ ಟೋನಿ ಬ್ರೆಡ್ಡು ಕೊಯ್ಯಲು ನಿಂತ. ಒಂದು ತುಂಡು ಕೆಳಗೆ ಬಿತ್ತು. ಅದನ್ನೆತ್ತಿ, ಮುತ್ತಿಟ್ಟು, ಮೇಜಿನ ಮೇಲಿಟ್ಟ.

ಸೋಫಾದಲ್ಲಿ ಒರಗಿದ್ದ ಹೆಂಡತಿ ಭೂಮಿಕಾ ನಕ್ಕಳು. “ನಮ್ಮಮ್ಮನಿಂದ ಚೆನ್ನಾಗೇ ಕಲ್ತಿದೀಯ. ಬಿದ್ದ ಅನ್ನಾನ ಅವ್ರು ಕಣ್ಣಿಗೊತ್ಕೊಳ್ಳೋ ಹಾಗೆ.”

“ನೋ, ನೋ. ಇದು ನಮ್ಮಜ್ಜಿ ಬೈದು ಕಲಿಸಿದ್ದು.”

ಭೂಮಿಕಾ ಎದ್ದು ಕುಳಿತಳು. “ಆ ಹಳ್ಳಿ ಬೇಕರಿಯಮ್ಮನೂ ಹೀಗೇ ಮಾಡಿದ್ರು ಕಣೋ! ನೀನು ಅಜ್ಜಿ ಫೋಟೋ ಹಿಡ್ಕೊಂಡು ಅವರಿವರನ್ನ ಕೇಳ್ತಿದ್ದೆ, ನೋಡ್ಲೇ ಇಲ್ಲ.”

ಟೋನಿ ಚಾಕು ಕೆಳಗಿಟ್ಟ. ಅಜ್ಜಿಯ ಮನೆ ಸಿಕ್ಕಿರಲಿಲ್ಲ. ಅವಳ ಊರಿನ ರೂಢಿ ಮಾತ್ರ ಮೊದಲಿನಿಂದಲೂ ಅವನಲ್ಲಿತ್ತು.