ಹನ್ನೆರಡನೆಯ ಮಹಡಿ

ಚೀನಾದ ಆ ನಗರದಲ್ಲಿ ಮೂವತ್ತು ದಾಟಿಯೂ ಮದುವೆಯಾಗದ ಹೆಂಗಸರನ್ನು ಲಿಫ್ಟುಗಳು ಮೇಲಕ್ಕೆ ಒಯ್ಯುತ್ತಿರಲಿಲ್ಲ. ಸರ್ಕಾರದ ಆದೇಶ ಬಂದ ಹೊಸತರಲ್ಲಿ ಗೊಣಗಿದವರೂ ಈಗ ಸುಮ್ಮನೆ ಮೆಟ್ಟಿಲು ಹತ್ತುತ್ತಿದ್ದರು. ಹಳ್ಳಿಯಿಂದ ಮಗಳನ್ನು ನೋಡಲು ಬಂದ ಶುಚಿನ್‌ಗೆ ಮಾತ್ರ ಇದು ಹೊಸದು.

ತಾಯಿಯನ್ನು ಲಿಫ್ಟಿಗೆ ಹತ್ತಿಸಲೆಂದು ಇನ್ನೂ ಮದುವೆಯಾಗದ ಮಗಳು ಪೈರೋಂಗ್ ಚೀಲಗಳ ಸಮೇತ ಒಳಗೆ ಕಾಲಿಟ್ಟಳು. ನೆರೆಮನೆಯ ಹೆಂಗಸೊಬ್ಬಳು ಆಗಲೇ ಅಲ್ಲಿದ್ದಳು.

"ನೀವಿಬ್ಬರೂ ಒಂದೇ ಮನೆಯವರೇ?" ಲಿಫ್ಟು ತಾಯಿ ಮಗಳನ್ನು ನಯವಾಗಿ ಕೇಳಿತು.

ಹೌದೆಂದರೆ ಇಬ್ಬರೂ ನಡೆದೇ ಹತ್ತಬೇಕು, ಮನೆಯವರಿಗೂ ಅದೇ ನಿಯಮವೆಂದು ಮಗಳು ದಾರಿಯಲ್ಲೇ ಹೇಳಿದ್ದಳು. ನೆರೆಯವಳು ದಿಟ್ಟಿಸಿ ನೋಡುತ್ತಿದ್ದಳು.

"ಈಕೆ ಯಾರೋ, ನನಗೆ ಗೊತ್ತಿಲ್ಲ," ಎಂದಳು ಶುಚಿನ್.

ಪೈರೋಂಗ್ ಹೊರಗಿಳಿದು ಮೆಟ್ಟಿಲ ಕಡೆ ನಡೆದಳು.

"ಇಂಥವಳನ್ನ ಹೆತ್ತವರು ಹೇಗೆ ತಲೆಯೆತ್ತಿ ಓಡಾಡ್ತಾರೋ!" ಎಂದಳು ನೆರೆಯವಳು. ಶುಚಿನ್ ಹೌದೆಂಬಂತೆ ತಲೆಯಾಡಿಸಿದಳು. ಆಡಿಸಿದ ಮೇಲೆ ಅವಳ ಮುಖ ಬಿಸಿಯಾಯಿತು.

ಹನ್ನೆರಡನೆಯ ಮಹಡಿಯಲ್ಲಿ ಅವಳು ಬೀಗ ಹಾಕಿದ ಬಾಗಿಲ ಮುಂದೆ ಬಹಳ ಹೊತ್ತು ನಿಂತಳು. ಕೊನೆಗೆ ಏದುಸಿರು ಬಿಡುತ್ತ ಬಂದ ಮಗಳು ಬೀಗ ತೆಗೆದಳು.

"ಹಾಗೆ ಹೇಳಿದ್ದೇ ಒಳ್ಳೇದಾಯ್ತಮ್ಮ. ನಿನ್ನ ಮಂಡಿಗೆ ಈ ಮೆಟ್ಟಿಲು ಆಗ್ತಿರಲಿಲ್ಲ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಗಳು ಬಡಿಸಿದ ಊಟವನ್ನು ಶುಚಿನ್ ಅರ್ಧಕ್ಕೇ ಬದಿಗೆ ಸರಿಸಿದಳು.

ಸಂಜೆ ಹೊರಟಾಗ ಅವಳು ತೆರೆದಿದ್ದ ಲಿಫ್ಟನ್ನು ದಾಟಿ, ಕಂಬಿ ಹಿಡಿದು ಮೆಟ್ಟಿಲು ಇಳಿಯತೊಡಗಿದಳು.

"ಅಮ್ಮಾ, ಕೆಳಗೆ ಹೋಗೋರನ್ನ ಅದು ಏನೂ ಕೇಳಲ್ಲ. ಬಾ, ಇಬ್ಬರೂ ಅದರಲ್ಲೇ ಹೋಗೋಣ."

"ಇರಲಿ ಬಿಡೇ," ಎಂದ ಶುಚಿನ್ ಮುಖ ತಿರುಗಿಸದೆ, ನೋವಿಗೆ ಹಲ್ಲುಕಚ್ಚಿ ಇನ್ನೊಂದು ಮೆಟ್ಟಿಲು ಇಳಿದಳು.