ಕಲೆ ತೆಗೆದ ಫೋಟೊ

"ಮಚ್ಚೆ ಎಲ್ಲಿ ಹೋಯ್ತು?" ಎಂದು ಹೆಂಡತಿ ಕೇಳಿದಾಗ, ಪ್ರಿಂಟರಿನಿಂದ ಹೊರಬಂದ ಫೋಟೊದ ಮಸಿ ಇನ್ನೂ ಆರಿರಲಿಲ್ಲ. ಫೋಟೊದಲ್ಲಿ ಅವರ ಮಗಳು ಬಾಯ್ತುಂಬ ನಗುತ್ತಿದ್ದಳು. ಆರು ವರ್ಷದ ಆ ಮಗು ಜ್ವರದಲ್ಲಿ ತೀರಿಕೊಂಡು ಇಪ್ಪತ್ತೆಂಟು ವರ್ಷವಾಗಿತ್ತು.

"ಯಾವ ಮಚ್ಚೆ?" ಎಂಬ ಮಾತು ಅವನ ಬಾಯಿಂದ ಜಾರಿಬಿಟ್ಟಿತು. ಎರಡು ದಿನದಿಂದ ಅವನಿಗೆ ಇದೇ ಕೆಲಸ. ಬೂಷ್ಟು ಹಿಡಿದಿದ್ದ ನೆಗೆಟಿವನ್ನು ಹತ್ತಿಯಲ್ಲಿ ಒರೆಸಿ ಸ್ಕ್ಯಾನ್ ಮಾಡಿದ್ದ. ಬಳಸದೆ ಮಸಿ ಒಣಗಿ ಕಟ್ಟಿಕೊಂಡಿದ್ದ ಪ್ರಿಂಟರಿನ ಹೆಡ್ಡನ್ನು ಮೂರು ಸಲ ತೊಳೆದು, ಗೆರೆಗೆರೆಯಾಗಿ ಬೀಳುತ್ತಿದ್ದ ಕೆಂಪು ಬಣ್ಣವನ್ನು ಸರಿಮಾಡಿದ್ದ. ಹಳೇ ಫಿಲ್ಮಿನ ಗೀರು, ಚುಕ್ಕೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೊಂದಾಗಿ ಅಳಿಸಿದ್ದ. ಮುಖದ ಮೇಲೂ ಹತ್ತಾರು ಚುಕ್ಕೆಗಳಿದ್ದವು.

"ಓ, ಅದಾ! ಕಲೆ ತೆಗೀವಾಗ ಕೈತಪ್ಪಿ ಹೋಯ್ತು ಕಣೇ. ನನ್ನ ಮಗಳ ಮಚ್ಚೆ ನನಗೆ ಗೊತ್ತಿಲ್ವಾ?"

"ಹಾಗಾದ್ರೆ ಎಲ್ಲಿತ್ತು, ತೋರಿಸಿ."

ಅವನು ಬೆರಳೆತ್ತಿದ. ಅದು ಒಂದು ಕೆನ್ನೆಯತ್ತ ಹೋಗಿ, ಇನ್ನೊಂದರತ್ತ ತಿರುಗಿ, ಎಲ್ಲೂ ಊರದೆ ನಿಂತುಬಿಟ್ಟಿತು. ಹೆಂಡತಿ ಸಿಟ್ಟಾಗಲಿಲ್ಲ. ಅವನ ಬೆರಳನ್ನು ಹಿಡಿದು ಎಡಗಣ್ಣಿನ ಕೆಳಗೆ ಮೆಲ್ಲಗೆ ಇಟ್ಟಳು.

"ಇಲ್ಲಿ. ಸ್ನಾನ ಮಾಡಿಸುವಾಗೆಲ್ಲ, ಮಸಿ ಹತ್ಕೊಂಡಿದೆ ಅಂತ ಸುಳ್ಳುಸುಳ್ಳೇ ಉಜ್ತಿದ್ದೋರು ನೀವೇ. 'ಹೋಗಲ್ಲ ಅಪ್ಪಾ, ಅದು ನಂದು' ಅಂತ ಅವಳು ಬಿದ್ದೂಬಿದ್ದೂ ನಗ್ತಿದ್ಲು. ನೆನಪಾಯ್ತಾ?"

ಅವನು ಹೂಂ ಎಂದ. ಅದೂ ಅವನಿಗೆ ನೆನಪಾಗಿರಲಿಲ್ಲ.