ಮುಂದಿನ ಸಾಲಿನ ಬೀಗರು

ವಾಚಕ ಮಹಾಶಯರಲ್ಲಿ ಸವಿನಯ ಅರಿಕೆ: ಮುಂದಿನ ಸಾಲಿನ ಕುರ್ಚಿಗೆ ಟಿಕೆಟು ಕೊಂಡವರೆಲ್ಲ ನಾಟಕ ನೋಡಲೆಂದೇ ಹೋಗುತ್ತಾರೆಂಬ ನಂಬಿಕೆಯನ್ನು ತಾವು ಈ ಕಥೆ ಮುಗಿಯುವವರೆಗೆ ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರತಕ್ಕದ್ದು. ಬಂಗಾರಪೇಟೆಯ ಅಕ್ಕಿ ಗಿರಣಿಯ ಜಯರಾಮಪ್ಪನವರು ಆ ಸಂಜೆ ಚಿನ್ನದ ಗಣಿಯೂರಾದ ಉರಿಗಾಮಿನ ಸಭಾಂಗಣದಲ್ಲಿ ಬೆವರುತ್ತ ಕುಳಿತದ್ದು, ತಮ್ಮ ಮಾನ ಹೋಗುವುದಾದರೆ ಯಾವ ದೃಶ್ಯದಲ್ಲಿ ಹೋಗುತ್ತದೆಂದು ತಿಳಿಯಲು.

ಪಕ್ಕದಲ್ಲಿ ಭಾವಿ ಬೀಗರಾದ ದೇವನಹಳ್ಳಿಯ ವೆಂಕಟೇಶಪ್ಪನವರು. ಜರಿಪೇಟ, ಬೆಳ್ಳಿ ಹಿಡಿಯ ಕೋಲು. ಮರುದಿನವೇ ಜಯರಾಮಪ್ಪನವರ ಮಗಳ ಲಗ್ನಪತ್ರಿಕೆ. ರೈಲಿಳಿದ ಕೂಡಲೇ ಬೀಗರು ಸಾರಿಬಿಟ್ಟಿದ್ದರು: "ನಮ್ಮ ವಂಶದಲ್ಲಿ ಕೂಲಿಗೆ ಕೈಯೊಡ್ಡಿದವರಿಲ್ಲ ಜಯರಾಮಪ್ಪನವರೇ. ಗಣಿಯವರ ಸಂಬಂಧ ನಮಗೆ ಆಗಿಬರುವುದೂ ಇಲ್ಲ. ಈ ಸೀಮೆಯ ನೆಲ ಮೆಟ್ಟಿದ್ದೇ ಇದು ಮೊದಲು." ವರೋಪಚಾರದ ಮಾತೆತ್ತಿದರೆ ನಕ್ಕರು. "ಚಿನ್ನ ನಮ್ಮಲ್ಲಿ ತಾತನ ಕಾಲದ್ದೇ ಬಿದ್ದಿದೆ. ಹುಡುಗಿಯನ್ನು ಕೊಡಿ, ಸಾಕು." ಮನೆಯೊಳಗೆ ಜಯರಾಮಪ್ಪನವರ ಹೆಂಡತಿ ನಾರಾಯಣಮ್ಮ ದೇವರಿಗೆ ಇನ್ನೊಂದು ತುಪ್ಪದ ದೀಪ ಹಚ್ಚಿದರು.

ಹೆಂಡತಿಯ ದೀಪಕ್ಕಿಂತ ಗಂಡನ ಸುಳ್ಳು ಹೆಚ್ಚು ಉರಿಯುತ್ತಿತ್ತು. ತಮ್ಮದು ಪಟೇಲರ ಮನೆತನವೆಂದು ಜಯರಾಮಪ್ಪ ಹೇಳಿಕೊಂಡಿದ್ದರು. ನಿಜವಾಗಿ ಹರೆಯದಲ್ಲಿ ಅವರು ಉರಿಗಾಮಿನ ಗಣಿಯೊಳಗೆ ಕಲ್ಲುಗಾಡಿ ತಳ್ಳುತ್ತಿದ್ದ ಕೂಲಿ. ಅದನ್ನು ಬಲ್ಲವರು ಒಂದೋ ಸತ್ತಿದ್ದರು, ಇಲ್ಲವೇ ಅವರ ಗಿರಣಿಯಲ್ಲೇ ದುಡಿಯುತ್ತಿದ್ದರು. ಉಳಿದವನು ಒಬ್ಬ.

ಆ ಒಬ್ಬ ಚಲಪತಿ. ಗಣಿ ಲೈನಿನ ಮನೆಗಳಲ್ಲಿ ಒಟ್ಟಿಗೆ ಬೆಳೆದವನು. ಈಗ ಬೆಂಗಳೂರಿನ ಪತ್ರಿಕೆಗೆ ಸುದ್ದಿ ಕಳಿಸುವವನು. ವರ್ಷಕ್ಕೊಮ್ಮೆ ಅವನೂ ಅವನ ಪತ್ರಕರ್ತ ಮಿತ್ರರೂ ಬಣ್ಣ ಬಳಿದುಕೊಂಡು ಊರ ದೊಡ್ಡವರನ್ನು ರಂಗದ ಮೇಲೆ ಅಣಕಿಸುತ್ತಿದ್ದರು. ಬಂದ ಹಣ ಗಣಿಯಲ್ಲಿ ಮಡಿದವರ ಮಕ್ಕಳ ಶಾಲೆಗೆ. ವರ್ಷವಿಡೀ ಅಚ್ಚಾಗದ್ದನ್ನು ಒಂದೇ ಸಂಜೆ ಆಡಿ ತೀರಿಸುವ ವ್ರತವದು.

ವಾರದ ಹಿಂದೆ ಗಿರಣಿಯ ಮುಂದೆ ಅವನು ಸೈಕಲ್ ನಿಲ್ಲಿಸಿದ್ದ.

"ಅಣ್ಣೋ, ಈ ಸಲ ಗಿರಣಿ ಸಾವ್ಕಾರನ ಪಾತ್ರ ಐತೆ."

"ಲೇ ಚಲಪತಿ, ನನ್ ಮಗಳ ಬಾಳು ಕಣ್ಲಾ!"

"ಅದಕ್ಕೇ ಮುಂದ್ಲು ಸಾಲಾಗೆ ಕೂತ್ಕೋ. ಬೀಗ್ರನ್ನೂ ಕರ್ಕೊಂಡ್ ಬಾ."

ಹೋಗದಿರೋಣವೆಂದರೆ, ಸ್ಟೇಷನ್ನಿನ ಗೋಡೆಯ ಮೇಲೆ ಜಾಹೀರಾತು ಕಂಡ ಬೀಗರೇ ಹಟ ಹಿಡಿದರು. "ಪುಣ್ಯದ ಕೆಲಸ. ನಡೆಯಿರಿ."

ಪರದೆ ಎದ್ದಿತು. ಮೀಸೆ ಬೋಳಿಸಲೊಪ್ಪದ ಸಂಪಾದಕನೊಬ್ಬ ಸೀರೆಯುಟ್ಟು, ಬೇತಮಂಗಲದ ಕೆರೆಯಿಂದ ನೀರು ಬರಬೇಕಾದ ಬೀದಿ ನಲ್ಲಿಗೆ ಮಂಗಳಾರತಿ ಎತ್ತಿದ. "ಅಮ್ಮಾ ಬೇತಮಂಗಲದವ್ವಾ, ನೀರ್ ಬ್ಯಾಡ ತಾಯಿ. ಒಂದ್ ಸಲ ಕೆಮ್ಮು, ಸಾಕು. ಜೀವ ಐತೆ ಅಂದ್ಕೊತೀನಿ!" ಬೀಗರು ನಕ್ಕ ರಭಸಕ್ಕೆ ಪೇಟ ವಾಲಿತು.

ಮುಂದಿನ ದೃಶ್ಯ ಗಣಿಯ ಬಾಗಿಲು. ಕಾವಲುಗಾರನ ಸೀಟಿಗೆ ಪಾಳಿ ಮುಗಿಸಿದವರು ಸಾಲಾಗಿ ಕೈಯೆತ್ತಿದರು. ಚಿನ್ನ ಸಾಗಿಸುತ್ತಾರೇನೋ ಎಂದು ಅವನು ಬಗಲು, ಸೊಂಟ ತಡವಿದ. ಕೊನೆಯವನೊಬ್ಬ ಕೇಳುವ ಮೊದಲೇ ಬಾಯನ್ನೂ ಅಗಲಿಸಿದ.

"ನಿಂಗ್ಯಾಕ್ಲಾ ಬಾಯಿ?"

"ನಾನು ಹಳೇ ಗಿರಾಕಿ ಸಾಮಿ. ಬಾಯಾಗಿಟ್ಕೊಂಡ್ ಒಯ್ತಾನೆ ಅಂತ ಅನುಮಾನ ಬಿದ್ದೋರು ದಿನಾ ತೆರೀಬೇಕಲ್ಲ!"

ಹಿಂದಿನ ಬೆಂಚುಗಳು ಸಿಳ್ಳೆ ಹೊಡೆದವು. ಬೀಗರು ಜೇಬಿನಲ್ಲಿ ನಶ್ಯದ ಡಬ್ಬಿ ಹುಡುಕುತ್ತಿದ್ದರು.

ಆಗಲೇ ನೆಲ ಗುಡುಗಿತು. ಪಾತಾಳದಲ್ಲೆಲ್ಲೋ ಬಂಡೆ ಸಿಡಿದಿತ್ತು. ಊರಿನವರು ಅಲುಗದೆ, ಅಪಘಾತವಾದರೆ ಕೂಗುವ ಸೈರನ್ ಕೇಳುತ್ತದೇನೋ ಎಂದು ಕಿವಿಗೊಟ್ಟರು. ಪಟೇಲರ ವಂಶಸ್ಥನೆಂಬುದು ನೆನಪಾಗಿ ಜಯರಾಮಪ್ಪ ಕುರ್ಚಿಯಿಂದ ಹಾರಿಬಿದ್ದು "ಅಯ್ಯೋ, ಭೂಕಂಪ!" ಎಂದರು. ಬೀಗರ ಕೈಯ ಸೋಡಾ ಒಂದು ಹನಿಯೂ ಚೆಲ್ಲಲಿಲ್ಲ.

"ಕುಳಿತುಕೊಳ್ಳಿ. ಸೈರನ್ ಕೂಗಲಿಲ್ಲವಲ್ಲ."

ದೊಡ್ಡ ಮನೆತನದ ಧೈರ್ಯವೆಂದರೆ ಇದು, ಎಂದುಕೊಂಡು ಜಯರಾಮಪ್ಪ ಕುಳಿತರು.

ಗಿರಣಿ ಸಾಹುಕಾರ ಬರಲೇ ಇಲ್ಲ. ಪರದೆ ಬಿತ್ತು. ಜಯರಾಮಪ್ಪನವರಿಗೆ ಹೋದ ಜೀವ ಬಂದಿತು. ದೊಡ್ಡವರಿಗೆಂದು ಪಕ್ಕದಲ್ಲೊಂದು ಬೇರೆ ಬಾಗಿಲು. ಗಣಿಯ ಅಧಿಕಾರಿಗಳು, ಡಾಕ್ಟರು, ಹಿಂದೆ ಬೀಗರಿಬ್ಬರು. ಅಲ್ಲಿ ಕಾವಲುಗಾರನ ಖಾಕಿ ತೊಟ್ಟ ಚಲಪತಿ ದಾನದ ಡಬ್ಬಿ ಹಿಡಿದು ಅಡ್ಡ ನಿಂತಿದ್ದ. ಸೀಟಿ ಊದಿದ.

ಅಧಿಕಾರಿಗಳು ಪಿಳಿಪಿಳಿ ನೋಡಿದರು. ಜಯರಾಮಪ್ಪನವರ ಎರಡು ಕೈಗಳೂ ಮಾತ್ರ ಯಜಮಾನನ ಅಪ್ಪಣೆ ಕೇಳದೆ ನೆಟ್ಟಗೆ ಮೇಲೆದ್ದವು.

"ಗಿರಣಿ ಸಾವ್ಕಾರನ ಪಾತ್ರ ಈಗ ಆಯ್ತು ನೋಡಣ್ಣೋ!" ಎಂದ ಚಲಪತಿ.

ಜಯರಾಮಪ್ಪ ಕಣ್ಣು ಮುಚ್ಚಿದರು. ಮಗಳ ಮುಖ ತೇಲಿಬಂತು. ಬೀಗರು ಕೋಲೂರಿಕೊಂಡು ಹೊರನಡೆಯುವ ಸದ್ದಿಗಾಗಿ ಕಾದರು. ಕೇಳಿಸಿದ್ದು ಕೋಲು ನೆಲಕ್ಕೆ ಬಿದ್ದ ಸದ್ದು. ತಿರುಗಿ ನೋಡಿದರೆ, ಜರಿಪೇಟದ ಎರಡು ಬದಿಗೂ ಬೀಗರ ಕೈಗಳು ಆಕಾಶ ಮುಟ್ಟುತ್ತಿದ್ದವು.

ಚಲಪತಿ ತಬ್ಬಿಬ್ಬಾದ. "ಇವ್ರು ನಮ್ ನಾಟ್ಕದಾಗೆ ಇರ್ಲಿಲ್ವಲ್ಲ!"

ಕೈಗಳು ಇಳಿದ ಬಳಿಕ ಜಯರಾಮಪ್ಪ ಮೆಲ್ಲನೆ ಕೇಳಿದರು: "ಯಾವ ಗಣಿ?"

"ಇಲ್ಲೇ ಪಕ್ಕದ ಮೈಸೂರು ಮೈನ್ಸ್. ತಮ್ಮದು?"

"ಇದೇ ಉರಿಗಾಂ."

"ಲಗ್ನಪತ್ರಿಕೆ ಎಷ್ಟು ಗಂಟೆಗೆ?"

"ಒಂಬತ್ತಕ್ಕೆ."

ಒಂಬತ್ತಕ್ಕೇ ಆಯಿತು. ನಾರಾಯಣಮ್ಮನವರ ಹೋಳಿಗೆ ಉಂಡ ಈ ಅಲೆಮಾರಿ ಕಥೆಗಾರನೂ ಚಾಪೆ ಸುತ್ತಿ, ಹರಕು ಕಾದಂಬರಿಗಳೆರಡನ್ನು ಪಂಚೆಯಲ್ಲಿ ಗಂಟು ಕಟ್ಟಿ, ಬೆಂಗಳೂರಿನ ಗಾಡಿಗೆ ಹೊರಟಿದ್ದಾನೆ. ಹೊಸಿಲು ದಾಟುವಾಗ, ಹೇಳಲು ಮರೆತದ್ದೊಂದು ನೆನಪಾಗುತ್ತಿದೆ.

ಆ ಬಾಗಿಲಲ್ಲಿ ಜಯರಾಮಪ್ಪನವರು ಎತ್ತಿದ್ದು ಕೈ ಮಾತ್ರ. ವೆಂಕಟೇಶಪ್ಪನವರು ಬಾಯನ್ನೂ ಅಗಲವಾಗಿ ತೆರೆದು ನಿಂತಿದ್ದರು.